ಓಡಿ ನಿಂತ ಮೇಲಿನ ಆ ಒಂದು ಗಂಟೆ

ಎಲ್ಲರಿಗೂ ನಮಸ್ಕಾರ. ಬೆಳಗಿನ ಜಾವ ಕುಂದವಾಡ ಕೆರೆ ಸುತ್ತುವವರು, ಜಿಮ್ಮಿನ ಹುಡುಗರು, ಗರಡಿ ಮನೆಯ ಪೈಲ್ವಾನರು ಎಲ್ಲರೂ ಒಂದೇ ಸಭೆಯಲ್ಲಿ ಕೂತಿದ್ದೀರಿ. ನನಗೆ ತುಂಬಾ ಖುಷಿ. ನಾನು ರಕ್ತದ ಲ್ಯಾಬಿನಲ್ಲಿ ಕೆಲಸ ಮಾಡುವವನು. ನೀವು ಮೈ ದಂಡಿಸುವಾಗ ನಿಮ್ಮ ರಕ್ತ ಏನು ಮಾಡುತ್ತದೆ, ಅದರಲ್ಲೂ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಏನು ಮಾಡುತ್ತವೆ ಎಂದು ಹೇಳೋಣ ಎಂದು ಬಂದಿದ್ದೇನೆ.

ಒಂದು ಹಳೆಯ ಒಗಟಿನಿಂದ ಶುರು ಮಾಡುತ್ತೇನೆ. 18ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ದೊಡ್ಡ ಸರ್ಜನ್ ಇದ್ದರು. ದಣಿದು ಬಿದ್ದು ಸಾಯುವವರೆಗೆ ಓಡಿಸಿದ ಜಿಂಕೆಗಳನ್ನು ಅವರು ಕೊಯ್ದು ನೋಡಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಾಗಿಯೇ ಇತ್ತು. ಅವರು ತೀರಿಹೋದ ಮರುವರ್ಷ, 1794ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಈ ಮಾತು ಬರುತ್ತದೆ. ಆದರೆ ಇವತ್ತು ನೀವು ಜೋರಾಗಿ ಓಡಿ ಬಂದು ನನಗೆ ರಕ್ತ ಕೊಟ್ಟರೆ, ಅದು ಎಂದಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯುವ ಎಪಿಟಿಟಿ ಅಂತ ಒಂದು ಪರೀಕ್ಷೆ ಇದೆ, ಅದರಲ್ಲಿ ಸೆಕೆಂಡುಗಳು ಕಮ್ಮಿಯಾಗುತ್ತವೆ. ಹಂಟರ್ ಕಂಡದ್ದು ಸುಳ್ಳಲ್ಲ. ಲ್ಯಾಬಿನಲ್ಲಿ ನಾವು ಕಾಣುವುದೂ ಸುಳ್ಳಲ್ಲ. ಹಾಗಾದರೆ ಇದು ಹೇಗೆ?

ಮೊದಲು ಹೆಪ್ಪು ಅಂದರೇನು ನೋಡೋಣ. ಗಾಯವಾದಾಗ ಪ್ಲೇಟ್ಲೆಟ್ ಎಂಬ ರಕ್ತದ ಪುಟ್ಟ ಕಣಗಳು ಬಂದು ಅಂಟಿಕೊಳ್ಳುತ್ತವೆ. ಅವನ್ನು ರಕ್ತನಾಳದ ಗೋಡೆಗೆ ಹಿಡಿಸುವುದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನು. ಆಮೇಲೆ ಫ್ಯಾಕ್ಟರ್ 8 ಎಂಬ ಪ್ರೋಟೀನು ಮತ್ತು ಅದರ ಜೊತೆಯವು ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆಯುತ್ತವೆ. ಕೆಲಸ ಮುಗಿದ ಮೇಲೆ ಆ ಬಲೆಯನ್ನು ಕರಗಿಸಲು ಇನ್ನೊಂದು ಗುಂಪೇ ಇದೆ. ಅದರಲ್ಲಿ ಮುಖ್ಯವಾದದ್ದು ಟಿಪಿಎ. ಪಾರ್ಶ್ವವಾಯು ಬಡಿದ ತಕ್ಷಣ ಆಸ್ಪತ್ರೆಯಲ್ಲಿ ‘ಕ್ಲಾಟ್ ಕರಗಿಸೋ ಇಂಜೆಕ್ಷನ್’ ಕೊಡುತ್ತಾರಲ್ಲ, ಅದು ಇದೇ ಪ್ರೋಟೀನು, ಕಾರ್ಖಾನೆಯಲ್ಲಿ ತಯಾರಿಸಿದ್ದು. ನಮ್ಮ ಮೈ ಅದನ್ನು ದಿನವೂ ತಾನೇ ಮಾಡಿಕೊಳ್ಳುತ್ತದೆ.

ಈಗ ಓಟಕ್ಕೆ ಬರೋಣ. ಸುಮ್ನೆ ನಡೆದರೆ ಅಂಥ ವ್ಯತ್ಯಾಸವೇನೂ ಇಲ್ಲ. ಏದುಸಿರು ಬಂದು, ಮಾತಾಡಲು ಆಗದಷ್ಟು ಜೋರು ಮಾಡಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ ಕಡ್ಡಿಯಾಕಾರದ ಪುಟ್ಟ ಚೀಲಗಳಿವೆ. ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ 1964ರಲ್ಲಿ ಇವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡರು. ಆಗ ಒಳಗೇನಿದೆ ಎಂದು ತಿಳಿದಿರಲಿಲ್ಲ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅಲ್ಲೇ ತುಂಬಿಕೊಂಡು ಕೂತಿದೆ ಎಂದು ಆಮೇಲೆ ಗೊತ್ತಾಯಿತು. ಅಡ್ರಿನಲಿನ್ ತಟ್ಟಿದಾಗ ಆ ಚೀಲಗಳು ಬಾಯಿ ಬಿಡುತ್ತವೆ. ಫ್ಯಾಕ್ಟರ್ 8 ಕೂಡ ಜೊತೆಗೇ ಏರುತ್ತದೆ. ಸುಸ್ತಾಗುವವರೆಗೆ ಓಡಿದವರಲ್ಲಿ ಅದು ಎರಡು ಪಟ್ಟು, ಕೆಲವರಲ್ಲಿ ಇನ್ನೂ ಜಾಸ್ತಿ ಆಗುತ್ತದೆ. ಸಾಮಾನ್ಯ ಮಟ್ಟ ಸರಾಸರಿಯ 50ರಿಂದ 150 ಶೇಕಡಾ ಎಂದು ನೆನಪಿಟ್ಟುಕೊಂಡರೆ ಈ ಏರಿಕೆ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಇದು ಅಡ್ರಿನಲಿನ್ನಿನದೇ ಕೆಲಸ ಎಂಬುದಕ್ಕೆ ಪುರಾವೆಯೂ ಇದೆ. ಮೊದಲೇ ಅಡ್ರಿನಲಿನ್ನಿನ ಕೆಲಸ ತಡೆಯುವ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟು ಓಡಿಸಿದರೆ ಫ್ಯಾಕ್ಟರ್ 8 ಅಷ್ಟಾಗಿ ಏರುವುದಿಲ್ಲ. ಇದರ ಜೊತೆಗೆ ಗುಲ್ಮ, ಅಂದರೆ ಸ್ಪ್ಲೀನ್, ಹಿಂಡಿಕೊಂಡು, ತನ್ನೊಳಗಿನ ಪ್ಲೇಟ್ಲೆಟ್‌ಗಳನ್ನೂ ರಕ್ತಕ್ಕೆ ಬಿಡುತ್ತದೆ.

ಯಾಕೆ ಹೀಗೆ? ಓಡುವ ಪ್ರಾಣಿಗೆ ಗಾಯವಾಗುವ ಸಾಧ್ಯತೆ ಜಾಸ್ತಿ ಅಲ್ವಾ? ಮೈ ಮೊದಲೇ ಸಿದ್ಧವಾಗುತ್ತದೆ ಎಂದು ನನಗನ್ನಿಸುತ್ತದೆ.

ಇನ್ನೊಂದು ಕಡೆ ನೋಡಿ. 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ರೋಸ್‌ಮರಿ ಬಿಗ್ಸ್ ಮತ್ತು ಸಂಗಡಿಗರು ಒಂದು ಕೆಲಸ ಮಾಡಿದರು. ವ್ಯಾಯಾಮ ಮಾಡಿದಾಗ, ಅಥವಾ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟಾಗ, ರಕ್ತದ ಹೆಪ್ಪು ಕರಗಿಸುವ ಶಕ್ತಿಯೂ ಏರುತ್ತದೆ ಎಂದು ತೋರಿಸಿದರು. ಇದು ಟಿಪಿಎ ಮಹಿಮೆ. ಅದೂ ಅದೇ ಗೋಡೆಯ ಕೋಶಗಳಿಂದ ಬರುತ್ತದೆ, ಹಲವು ಪಟ್ಟು ಏರುತ್ತದೆ. ಅದನ್ನು ಕಟ್ಟಿಹಾಕುವ ಪಿಎಐ-1 ಎಂಬ ಪ್ರೋಟೀನು ಅದೇ ಹೊತ್ತಿಗೆ ಇಳಿಯುತ್ತದೆ. ಸಾಯುವವರೆಗೆ ಓಡಿದ ಜಿಂಕೆಯಲ್ಲಿ ಈ ಕರಗಿಸುವ ಕಡೆ ಮಿತಿಮೀರಿ ಗೆದ್ದುಬಿಟ್ಟಿತ್ತು ಎಂಬುದು ಹಂಟರ್ ಒಗಟಿಗೆ ಇವತ್ತು ಹೊಂದುವಂತೆ ಕಾಣುವ ಉತ್ತರ. ನಾವು ಅಲ್ಲಿಯವರೆಗೆ ಹೋಗುವುದಿಲ್ಲ. ನಮ್ಮಲ್ಲಿ ಕಟ್ಟುವುದೂ ಏರುತ್ತದೆ, ಕರಗಿಸುವುದೂ ಏರುತ್ತದೆ. ಓಡುತ್ತಿರುವಷ್ಟು ಹೊತ್ತು ಎರಡೂ ಸರಿಸಮ.

ನಾನು ಇವತ್ತು ಹೇಳಲೇಬೇಕು ಎಂದು ಬಂದ ಮಾತು ಇದು: ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುವುದಿಲ್ಲ.

ಟಿಪಿಎ ಬಾಳುವುದು ಕೆಲವೇ ನಿಮಿಷ. ಅದನ್ನು ರಕ್ತದಿಂದ ತೆಗೆದುಹಾಕುವುದು ಲಿವರ್. ನೀವು ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳ ಕಡೆ ಹೋಗುತ್ತದೆ, ಲಿವರಿಗೆ ಕಮ್ಮಿ ಸಿಗುತ್ತದೆ. ಹಾಗಾಗಿ ಟಿಪಿಎ ರಕ್ತದಲ್ಲಿ ಉಳಿಯುತ್ತದೆ. ನೀವು ನಿಂತ ತಕ್ಷಣ ಲಿವರಿಗೆ ರಕ್ತ ಮರಳುತ್ತದೆ, ಟಿಪಿಎ ಖಾಲಿಯಾಗುತ್ತದೆ. ಸುಮಾರು ಒಂದು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಬರುತ್ತದೆ. ಫ್ಯಾಕ್ಟರ್ 8 ಹಾಗಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ ಬೇಕು. ಅಂದರೆ ನೀವು ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡು ಎಳನೀರು ಕುಡಿಯುವ ಹೊತ್ತಿಗೆ ಕರಗಿಸುವವರು ಮನೆ ಸೇರಿದ್ದಾರೆ, ಕಟ್ಟುವವರು ಇನ್ನೂ ಕೆಲಸದಲ್ಲೇ ಇದ್ದಾರೆ. ಆರೋಗ್ಯವಂತರ ರಕ್ತನಾಳಕ್ಕೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗೋಡೆಯಲ್ಲಿ ಕೊಬ್ಬು ಕಟ್ಟಿ, ಅದು ಬಿರುಕು ಬಿಟ್ಟಿದ್ದರೆ ಮಾತು ಬೇರೆ.

2021ರ ಅಕ್ಟೋಬರ್ 29 ಯಾರಿಗೂ ಮರೆತಿಲ್ಲ. ಅಪ್ಪು ಹೋದ ದಿನ. 46 ವರ್ಷ. ಅವರಿಗೆ ಆದದ್ದು ಇದೇ ಎಂದು ನಾನು ಹೇಳುತ್ತಿಲ್ಲ, ಹೇಳಲೂ ಬಾರದು. ಆದರೆ ಆವತ್ತಿನಿಂದ ಎಷ್ಟೋ ತಾಯಂದಿರು ಜಿಮ್ಮಿಗೆ ಹೊರಟ ಮಗನನ್ನು ಬಾಗಿಲಲ್ಲೇ ತಡೆಯುತ್ತಾರೆ. ಆ ಅಮ್ಮಂದಿರಿಗೆ ನಾನು ಒಂದು ಅಧ್ಯಯನದ ಲೆಕ್ಕ ಹೇಳುತ್ತೇನೆ. 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾದ 1,200ಕ್ಕೂ ಹೆಚ್ಚು ಜನರನ್ನು ವಿಚಾರಿಸಿ ನೋಡಿದರು. ಜೋರು ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ ಸುಮಾರು ಆರು ಪಟ್ಟು ಏರಿತ್ತು. ಆದರೆ ಇದು ಎಲ್ಲರಿಗೂ ಒಂದೇ ಅಲ್ಲ. ವಾರಕ್ಕೆ ಒಂದು ಸಲವೂ ಮೈ ಬಗ್ಗಿಸದವರಲ್ಲಿ ಅದು 107 ಪಟ್ಟು. ವಾರಕ್ಕೆ ಐದು ಅಥವಾ ಹೆಚ್ಚು ಸಲ ಮಾಡುವವರಲ್ಲಿ 2.4 ಪಟ್ಟು ಮಾತ್ರ. ಒಂದು ಗಂಟೆಯ ಅಪಾಯ ಮೂಲದಲ್ಲಿ ತೀರಾ ಸಣ್ಣದು, ಆದ್ದರಿಂದ 107 ಎಂದು ಕೇಳಿ ಗಾಬರಿ ಬೇಡ. ಆದರೂ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ವರ್ಷವಿಡೀ ಕುರ್ಚಿಯಲ್ಲಿ ಕೂತು, ದಸರಾ ರಜೆಯಲ್ಲಿ ಗೆಳೆಯರ ಜೊತೆ ಏಕಾಏಕಿ ಕಬಡ್ಡಿಗೆ ಇಳಿಯುವ 45ರ ಗಂಡಸಿನ ಬಗ್ಗೆ ನನಗೆ ಭಯ. ದಿನಾ ಬಸ್ಕಿ ಹೊಡೆಯುವ ಪೈಲ್ವಾನನ ಬಗ್ಗೆ ಅಲ್ಲ.

ಹೀಗಾಗಿ ಜೋರು ಮಾಡುತ್ತಿದ್ದವರು ಗಕ್ಕನೆ ನಿಲ್ಲಬೇಡಿ. ಹತ್ತು ನಿಮಿಷ ನಿಧಾನವಾಗಿ ನಡೆಯಿರಿ, ರಕ್ತ ಕಾಲಲ್ಲಿ ನಿಲ್ಲಬಾರದು. ಬಿಸಿಲಲ್ಲಿ ಓಡಿದರೆ ನೀರು ಬಿಡಬೇಡಿ. ಮ್ಯಾರಥಾನ್ ಓಡಿದ ರಾತ್ರಿಯೇ ಸ್ಲೀಪರ್ ಬಸ್ಸಿನಲ್ಲೋ ವಿಮಾನದಲ್ಲೋ ಗಂಟೆಗಟ್ಟಲೆ ಕಾಲು ಮಡಚಿ ಕೂರುವವರಿಗೆ ಇನ್ನೊಂದು ಮಾತು. ಬಾಸ್ಟನ್ ಮ್ಯಾರಥಾನಿಗೆ ದೂರದಿಂದ ವಿಮಾನದಲ್ಲಿ ಬಂದವರಲ್ಲಿ, ಹತ್ತಿರದಿಂದ ಬಂದವರಿಗಿಂತ, ಓಟದ ನಂತರ ಹೆಪ್ಪುಗಟ್ಟುವ ಗುರುತುಗಳು ಜಾಸ್ತಿ ಕಂಡಿದ್ದವು. ಎದ್ದು ಓಡಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಅದನ್ನು ಸ್ನಾಯು ಸೆಳೆತ ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಜಿಮ್ಮಿನ ಹುಡುಗರೇ, ಒಂದೇ ತೋಳು ಊದಿ ನೀಲಿಯಾದರೂ ಅಷ್ಟೇ. ಭುಜದ ಹತ್ತಿರದ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿರಬಹುದು. ಭಾರ ಎತ್ತುವವರಲ್ಲಿ ಇದು ಆಗುತ್ತದೆ. ಅದೇ ದಿನ ಡಾಕ್ಟರಿಗೆ ತೋರಿಸಿ.

ಇನ್ನು ನನ್ನ ಲ್ಯಾಬಿನ ವಿಷಯ. ಒಬ್ಬ ಹುಡುಗಿ ಬಂದಿದ್ದಳು. ಮುಟ್ಟಿನ ರಕ್ತಸ್ರಾವ ನಿಲ್ಲುತ್ತಲೇ ಇರಲಿಲ್ಲ. ಮೂಗಿನಿಂದಲೂ ರಕ್ತ. ಬೇರೊಂದು ಕಡೆ ಮಾಡಿಸಿದ ರಿಪೋರ್ಟಿನಲ್ಲಿ ವಾನ್ ವಿಲ್ಲೆಬ್ರಾಂಡ್ ಮಟ್ಟ ಸರಿಯಾಗಿಯೇ ಇತ್ತು. ಎಲ್ಲ ಸರಿ ಇದೆ ಎಂದು ಮನೆಯಲ್ಲಿ ಅವಳನ್ನು ಬೈದಿದ್ದರಂತೆ. ‘ಆವತ್ತು ಹೇಗೆ ಬಂದೆ ಮಗಳೇ?’ ಎಂದು ಕೇಳಿದೆ. ಬಸ್ಸು ತಡವಾಗಿ, ಬಸ್‌ಸ್ಟ್ಯಾಂಡಿನಿಂದ ಓಡಿ, ಮೂರು ಮಹಡಿ ಹತ್ತಿ, ನೇರ ಕುರ್ಚಿಗೆ ಕೂತು ತೋಳು ಚಾಚಿದ್ದಳು. ಸೂಜಿ ಕಂಡು ಹೆದರಿದ್ದಳು ಕೂಡ. ಅರ್ಧ ಗಂಟೆ ಸುಮ್ಮನೆ ಕೂರಿಸಿದೆವು. ನೀಲಿ ಮುಚ್ಚಳದ ಟ್ಯೂಬು, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟು ಒಂದು ಪಾಲಿಗೆ ಒಂಬತ್ತು ಪಾಲು ರಕ್ತ, ಗೆರೆಯವರೆಗೆ ಸರಿಯಾಗಿ ತುಂಬಿಸಿದೆವು. ಈ ಸಲ ಮಟ್ಟ ಕಮ್ಮಿ ಬಂತು. ಅವಳ ಕಾಯಿಲೆಗೆ ಹೆಸರು ಸಿಕ್ಕಿತು, ಚಿಕಿತ್ಸೆ ಶುರುವಾಯಿತು. ಹೆಪ್ಪುಗಟ್ಟುವ ಪರೀಕ್ಷೆಗೆ ಹೋಗುವ ದಿನ ವ್ಯಾಯಾಮ ಬೇಡ. ಮೆಟ್ಟಿಲು ಹತ್ತಿ ಬಂದಿದ್ದರೆ ಬಾಯಿ ಬಿಟ್ಟು ಹೇಳಿ. ಕರಗಿದ ಹೆಪ್ಪಿನ ಚೂರುಗಳನ್ನು ಅಳೆಯುವ ಡಿ-ಡೈಮರ್ ಪರೀಕ್ಷೆಗೂ ಇದೇ ಮಾತು, ಜೋರು ಓಟದ ನಂತರ ಅದೂ ಏರುತ್ತದೆ.

ಕೊನೆಯದಾಗಿ, ಇದು ದಾವಣಗೆರೆ. ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇರುವ ಊರು. ಹಿಮೊಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ; ಅದು ಇರುವ ಮಕ್ಕಳ ತಂದೆ ತಾಯಿ ಈ ಸಭೆಯಲ್ಲೂ ಇರಬಹುದು. ಓಡಿದರೆ ಫ್ಯಾಕ್ಟರ್ 8 ಏರುತ್ತದೆ ಅಂದಿರಿ, ನಮ್ಮ ಮಗನನ್ನೂ ಓಡಿಸಬಹುದಾ ಎಂದು ನೀವು ಕೇಳುತ್ತೀರಿ. ಫ್ಯಾಕ್ಟರ್ 8 ಕಮ್ಮಿ ಇರುವ ಬಗೆಗೆ ಹಿಮೊಫಿಲಿಯಾ ಎ ಎನ್ನುತ್ತಾರೆ; ಅದು ಸೌಮ್ಯವಾಗಿದ್ದವರಲ್ಲಿ ಸ್ವಲ್ಪ ಏರುವುದು ನಿಜ. ತೀವ್ರವಾಗಿದ್ದವರಲ್ಲಿ ಏರುವುದಿಲ್ಲ, ಯಾಕೆಂದರೆ ಏರಲು ಅಲ್ಲಿ ಫ್ಯಾಕ್ಟರೇ ಇಲ್ಲ. ಹಾಗಂತ ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ. ಸ್ನಾಯು ಗಟ್ಟಿಯಿದ್ದರೆ ಕೀಲುಗಳಿಗೆ ಆಸರೆ. ಈಜು ಒಳ್ಳೆಯದು, ನಡಿಗೆ ಒಳ್ಳೆಯದು. ಕುಸ್ತಿ, ಕಬಡ್ಡಿ ಬೇಡ. ನೋವಿಗೆ ಆಸ್ಪಿರಿನ್ ಬೇಡವೇ ಬೇಡ. ಯಾವ ಆಟಕ್ಕೆ ಮೊದಲು ಫ್ಯಾಕ್ಟರ್ ಹಾಕಿಸಬೇಕು ಎಂಬುದನ್ನು ನಿಮ್ಮ ಡಾಕ್ಟರ ಹತ್ತಿರ ಕೂತು ಬರೆಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳು. ಮುಂದಿನ ಸಾಲಿನ ಪೈಲ್ವಾನರೇ, ಆಗಿನಿಂದ ಕೈ ಎತ್ತುತ್ತಿದ್ದೀರಿ, ನೀವೇ ಮೊದಲು ಕೇಳಿ.