ಗೊತ್ತಿರುವ ಕಥೆಯನ್ನೇ ಮತ್ತೆ ಓದುವಾಗ

ಕೇಳುಗರಿಗೆ ನಮಸ್ಕಾರ.

ಕಥೆ ಪೂರ್ತಿ ಗೊತ್ತಿದ್ದ ಮೇಲೆ ಅದೇ ಪುಸ್ತಕವನ್ನು ಮತ್ತೆ ಯಾಕೆ ಓದಬೇಕು ಅಂತ ಎಷ್ಟೋ ಜನ ಕೇಳುತ್ತಾರೆ. ರಾಮನವಮಿ ಪೆಂಡಾಲಿನಲ್ಲಿ ಹರಿಕಥೆಗೆ ಕೂರುವವರಲ್ಲಿ ಲಂಕೆಯಲ್ಲಿ ಗೆದ್ದವರು ಯಾರು ಅಂತ ಗೊತ್ತಿಲ್ಲದವರು ಇದ್ದಾರೆಯೇ? ಆದರೂ ಕೂರುತ್ತೇವೆ, ಅಲ್ವಾ?

2007ರ ಜುಲೈ 21ರಂದು, ಮಾಯಾವಿದ್ಯೆ ಕಲಿಯುವ ಹುಡುಗನ ಕಥೆಯಾದ ಹ್ಯಾರಿ ಪಾಟರ್ ಸರಣಿಯ ಏಳನೇ, ಕೊನೇ ಪುಸ್ತಕ ಬಂತು. ನಮ್ಮ ಬೆಂಗಳೂರಿನಲ್ಲೂ ಪುಸ್ತಕದಂಗಡಿಗಳ ಮುಂದೆ ಬೆಳಬೆಳಗ್ಗೆಯೇ ಸಾಲು. ಕೊಂಡವರಿಗೆಲ್ಲ ಒಂದೇ ಆತುರ: ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ? ಗೆಳತಿಯರು ಬಾಯಿಬಿಡುವ ಮುಂಚೆ ಮುಗಿಸಬೇಕು. ನಾನೂ ಹಾಗೆಯೇ ಓದಿದೆ. ಈಗ ಕೊನೆ ಗೊತ್ತು, ಆತುರವಿಲ್ಲ. ಆಗ ಕಣ್ಣು ಬೇರೆ ಕಡೆ ಹೋಗುತ್ತದೆ.

ಐದನೇ ಪುಸ್ತಕದ ಆರನೇ ಅಧ್ಯಾಯ ನೋಡಿ. ಹ್ಯಾರಿಗೆ ತಂದೆಯ ಸ್ಥಾನದಲ್ಲಿರುವ ಸಿರಿಯಸ್‌ನ ಹಳೇ ಮನೆಯನ್ನು ಎಲ್ಲರೂ ಸೇರಿ ಚೊಕ್ಕಟ ಮಾಡುತ್ತಿದ್ದಾರೆ. ಬೀರುವಿನಿಂದ ಒಂದೊಂದೇ ಸಾಮಾನು ಹೊರಗೆ ಬರುತ್ತದೆ. ಕೇಳಿದವರಿಗೆ ಮಂಪರು ಬರಿಸುವ ಸಂಗೀತದ ಪೆಟ್ಟಿಗೆ, ಯಾರ ಕೈಯಲ್ಲೂ ತೆರೆಯಲಾಗದ ಭಾರದ ಲಾಕೆಟ್, ಹಳೇ ಮೊಹರುಗಳು, ತಾತನ ಪದಕ. ಲಾಕೆಟ್ಟಿಗೆ ಸಿಕ್ಕಿರುವುದು ಅರ್ಧ ಸಾಲು! ಅದರೊಳಗೆ ಕಥೆಯ ಖಳನಾಯಕ ವೋಲ್ಡೆಮಾರ್ಟ್‌ನ ಆತ್ಮದ ಚೂರಿದೆ. ಏಳನೇ ಪುಸ್ತಕದಲ್ಲಿ ಅದಕ್ಕಾಗಿಯೇ ಹ್ಯಾರಿ ಮತ್ತು ಅವನ ಗೆಳೆಯರಾದ ರಾನ್, ಹರ್ಮೈನಿ ವೇಷ ಮರೆಸಿಕೊಂಡು ಮಾಂತ್ರಿಕರ ಸರ್ಕಾರದ ಕಚೇರಿಗೆ ನುಗ್ಗಬೇಕಾಗುತ್ತದೆ. ಇಲ್ಲಿ ಅದು ಕೈಯಿಂದ ಕೈಗೆ ಹೋಗಿ ಕಸದ ಜೊತೆ ಸೇರುತ್ತದೆ. ಲೇಖಕಿ ರೌಲಿಂಗ್ ಅದನ್ನು ಬಚ್ಚಿಡಲೇ ಇಲ್ಲ. ನಾಲ್ಕು ಸಾಮಾನಿನ ನಡುವೆ ಇಟ್ಟರು, ಅಷ್ಟೇ.

ಆರನೇ ಪುಸ್ತಕದಲ್ಲಿ ಇದೇ ಕೆಲಸ ಇನ್ನೂ ಧೈರ್ಯವಾಗಿ ನಡೆದಿದೆ. ಹ್ಯಾರಿ ತನ್ನ ಪುಸ್ತಕ ಬಚ್ಚಿಡಲು ಹಾಳುಮೂಳು ತುಂಬಿದ ಕೋಣೆಗೆ ಓಡುತ್ತಾನೆ. ಮುರಿದ ಒಂದು ಮಾಯಾ ಬೀರುವಿನ ಪಕ್ಕ ತಿರುಗುತ್ತಾನೆ. ಮುಂದೆ ಶತ್ರುಗಳು ಶಾಲೆಯೊಳಗೆ ಬರುವುದು ಅದೇ ಬೀರುವಿನಿಂದ. ಆಮೇಲೆ ಪುಸ್ತಕ ಇಟ್ಟ ಜಾಗದ ಗುರುತಿಗೆ ಒಂದು ಶಿಲ್ಪದ ತಲೆಗೆ ವಿಗ್ ಹಾಕಿ, ಮೇಲೆ ಮಾಸಿದ ಕಿರೀಟ ಇಡುತ್ತಾನೆ. ವೋಲ್ಡೆಮಾರ್ಟ್‌ನ ಆತ್ಮದ ಇನ್ನೊಂದು ಚೂರಿರುವ, ಕೊನೇ ಪುಸ್ತಕದಲ್ಲಿ ಎಲ್ಲರೂ ಹುಡುಕುವ ಕಿರೀಟ ಅದೇ. ತಾನೇ ಕೈಯಾರೆ ಇಟ್ಟಿದ್ದಾನೆ. ಇದು ಕಂಡಾಗ ನಾನು ಎದ್ದು ಕೂತೆ.

ಇದೆಲ್ಲ ಮೊದಲೇ ಹಾಕಿದ ಲೆಕ್ಕವೇ ಅಂತ ಜಗಳ ಆಡುವವರಿದ್ದಾರೆ. ನನಗೆ ಅದು ಮುಖ್ಯ ಅನ್ನಿಸುವುದಿಲ್ಲ. ಹಿಂದೆ ಬರೆದ ಸಣ್ಣ ವಸ್ತುವನ್ನು ನೆನಪಿಟ್ಟು ಎತ್ತಿಕೊಳ್ಳುವುದೂ ದೊಡ್ಡ ಕಸುಬೇ.

ಕೆಲವು ಕಡೆ ಸುಳಿವಿಗಿಂತ ಜಾಸ್ತಿ ಸಿಗುತ್ತದೆ. ಮೊದಲ ಪುಸ್ತಕದಲ್ಲಿ ಮನದಾಸೆ ತೋರಿಸುವ ಕನ್ನಡಿಯಿದೆ. ನಿಮಗೇನು ಕಾಣುತ್ತದೆ ಅಂತ ಹ್ಯಾರಿ ಕೇಳಿದರೆ, ಒಂದು ಜೊತೆ ಉಣ್ಣೆ ಕಾಲುಚೀಲ ಅನ್ನುತ್ತಾರೆ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್. ಮೊದಲ ಸಲ ನಕ್ಕಿದ್ದೆ. ತಂಗಿಯನ್ನು ಕಳೆದುಕೊಂಡ ಅವರ ಕಥೆ ಏಳನೇ ಪುಸ್ತಕದಲ್ಲಿ ತಿಳಿದ ಮೇಲೆ, ಅವರು ಹುಡುಗನ ಹತ್ತಿರ ನಿಜ ಹೇಳಲಿಲ್ಲ ಅಂತ ಗೊತ್ತಾಗುತ್ತದೆ.

ಈ ಪುಸ್ತಕಗಳ ಹಳೇ ಪ್ರತಿಗಳು ಚರ್ಚ್ ಸ್ಟ್ರೀಟ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಒಮ್ಮೆ ಓದಿದವರು ಎರಡನೆಯ ಸಲ ಐದನೆಯದರಿಂದಲೇ ಶುರು ಮಾಡಬಹುದು. ನಮಸ್ಕಾರ.