ಸಿನಿಮಾ ಎಷ್ಟೊತ್ತಿಗೆ ಶುರು, ಅಷ್ಟು ಹೇಳ್ರಪ್ಪಾ!

ನಮಸ್ಕಾರ, ನಮಸ್ಕಾರ. ಎಲ್ಲರೂ ಚೆನ್ನಾಗಿದೀರಾ? ನಾನು ಚೆನ್ನಾಗಿಲ್ಲ. ಯಾಕೆ ಅಂದ್ರೆ ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದಾರೆ. ಹೆಸರು ಬೇಡ, ಪ್ರೊಫೈಲ್ ಫೋಟೋದಲ್ಲಿ ಹುಲಿ ಇದೆ, ಹುಲಿಯವ್ರು ಅಂತಾನೇ ಕರೆಯೋಣ. ಏನಂತ ಬರೆದಿದಾರೆ ಗೊತ್ತಾ? "ಗುರೂ, ಸಿನಿಮಾ ಅರ್ಧ ಗಂಟೆ ಲೇಟಾದ್ರೆ ನಿಂಗೇನ್ ಕಷ್ಟ? ನೀನೇನು ಐಎಎಸ್ ಆಫೀಸರ್ರಾ?"

ಹುಲಿಯವ್ರೇ, ಐಎಎಸ್ ಆಫೀಸರ್ ಲೇಟಾಗಿ ಬಂದ್ರೆ ನಾವು ಹೊರಗಡೆ ಬೆಂಚ್ ಮೇಲೆ ಕಾಯ್ತೀವಿ, ಅದಕ್ಕೆ ಯಾರೂ ದುಡ್ಡು ಕೇಳಲ್ಲ. ಇಲ್ಲಿ ದುಡ್ಡು ಕೊಟ್ಟು ಕಾಯ್ತಾ ಇದೀವಿ. ಜಿಎಸ್‌ಟಿ ಸಮೇತ!

ವಿಷಯ ಗೊತ್ತಿಲ್ಲದವ್ರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಮೊನ್ನೆ ಒಂದು ಮಲ್ಟಿಪ್ಲೆಕ್ಸ್‌ಗೆ ಹೋಗಿದ್ದೆ. ಯಾವುದು ಅಂತ ಹೇಳಲ್ಲ, ಎಲ್ಲಾ ಒಂದೇ. ಟಿಕೆಟ್ ಮೇಲೆ 7 ಗಂಟೆ ಅಂತಿದೆ. ನಾನು ಯಾರು? 7ಕ್ಕೆ ಅಂದ್ರೆ 6.45ಕ್ಕೆ ಹೋಗೋ ಜಾತಿ. ಹೋಗಿ ಕೂತೆ. ಕಾರು ಬಂತು. ಅಪಾರ್ಟ್‌ಮೆಂಟ್ ಬಂತು. ಬಂಗಾರದಂಗಡಿ ಬಂತು, ಅದರ ಹಿಂದೆ ಇನ್ನೊಂದು ಬಂಗಾರದಂಗಡಿ ಬಂತು. ಸಿಮೆಂಟ್ ಬಂತು. ಸ್ವಾಮೀ, ಸಂಜೆ ಹೊತ್ತು ಸಿನಿಮಾಗೆ ಬಂದವ್ನು ಎದ್ದು ಹೋಗಿ ಸಿಮೆಂಟ್ ತಗೊಂಡು ಬರ್ತಾನಾ? ಆಮೇಲೆ ಟ್ರೇಲರ್. ಆಮೇಲೆ ಮತ್ತೆ ಅದೇ ಕಾರು! ಸಿನಿಮಾದ ಹೆಸರು ಬೀಳೋ ಹೊತ್ತಿಗೆ ನನ್ನ ಪಕ್ಕದವರ ಮಗು ನಿದ್ದೆ ಹೋಗಿತ್ತು.

ಈಗ ಗಮನ ಇಟ್ಟು ಕೇಳಿ. ಜಾಹೀರಾತು ಹಾಕಬೇಡಿ ಅಂತ ನಾನು ಹೇಳ್ತಾ ಇಲ್ಲ. ಟಿಕೆಟ್ ದರ ಇಳಿಸಿ ಅಂತಾನೂ ಹೇಳ್ತಾ ಇಲ್ಲ. ನಂದು ಒಂದೇ ಮಾತು. ಸಿನಿಮಾ ನಿಜವಾಗಿ ಎಷ್ಟು ಗಂಟೆಗೆ ಶುರುವಾಗುತ್ತೋ, ಆ ಟೈಮನ್ನ ಟಿಕೆಟ್ ಮೇಲೆ ಪ್ರಿಂಟ್ ಮಾಡಿ. ಅಷ್ಟೇ!

ಇದನ್ನ ಕೋರ್ಟಿಗೆ ತಗೊಂಡು ಹೋದ ಪುಣ್ಯಾತ್ಮರು ಇದಾರೆ, ಅದೂ ನಮ್ಮ ಬೆಂಗಳೂರಿನವ್ರೇ. 2023ರ ಡಿಸೆಂಬರ್‌ನಲ್ಲಿ 4.05ರ ಆಟಕ್ಕೆ ಬುಕ್ ಮಾಡಿದಾರೆ. ಆರೂವರೆಗೆ ಮುಗಿಯುತ್ತೆ, ಎದ್ದು ಕೆಲಸಕ್ಕೆ ಹೋಗೋಣ ಅಂತ ಲೆಕ್ಕ. ಸಿನಿಮಾ ಶುರುವಾಗಿದ್ದು ನಾಲ್ಕೂವರೆಗೆ. 25 ನಿಮಿಷ! ನಾನೋ ನೀವೋ ಆಗಿದ್ರೆ ಮನೆಗೆ ಹೋಗಿ ಹೆಂಡತಿ ಮುಂದೆ ಗೊಣಗಿ ಮಲಗ್ತಿದ್ವಿ. ಅವ್ರು ಸೀದಾ ಗ್ರಾಹಕರ ಆಯೋಗಕ್ಕೆ ಹೋದ್ರು. 2025ರ ಫೆಬ್ರವರಿಯಲ್ಲಿ ಆಯೋಗ ಪಿವಿಆರ್ ಐನಾಕ್ಸ್‌ಗೆ 1 ಲಕ್ಷ ರೂಪಾಯಿ ದಂಡ ಹಾಕ್ತು, ಅದು ಗ್ರಾಹಕರ ಕಲ್ಯಾಣ ನಿಧಿಗೆ. ದೂರು ಕೊಟ್ಟವರಿಗೆ ಪರಿಹಾರ ಬೇರೆ. ಅದೆಲ್ಲಾ ಇರಲಿ. ಜೊತೆಗೇ ಇನ್ನೊಂದು ಹೇಳ್ತು ನೋಡಿ. ಏನು? ಸಿನಿಮಾ ನಿಜವಾಗಿ ಶುರುವಾಗೋ ಟೈಮನ್ನ ಟಿಕೆಟ್ ಮೇಲೆ ಹಾಕಿ ಅಂತ! ನನ್ನ ಮಾತೇ! ಅಕ್ಷರಕ್ಕೆ ಅಕ್ಷರ ನನ್ನ ಮಾತು!

ಈಗ ಕಾಮೆಂಟಲ್ಲಿ ಲಾಯರ್‌ಗಳು ಎದ್ದು ನಿಲ್ತಾರೆ. "ಸಾರ್, ಅದಕ್ಕೆ ಮಾರ್ಚ್‌ನಲ್ಲೇ ಹೈಕೋರ್ಟ್ ತಡೆ ಕೊಡ್ತಲ್ಲಾ?" ಗೊತ್ತು ಮಾರಾಯ್ರೆ, ನಾನೂ ಪೇಪರ್ ಓದ್ತೀನಿ. ಒಬ್ಬರ ದೂರನ್ನ ಆಯೋಗ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಥರ ವಿಚಾರಣೆ ಮಾಡಿದೆ, ಅದರ ವ್ಯಾಪ್ತಿ ಮೀರಿದೆ ಅಂತ ಹೇಳಿದ್ದು. ಒಪ್ಪಿದೆ. ಆದೇಶ ಕೊಟ್ಟ ದಾರಿ ಸರಿಯಿಲ್ಲ ಅಂದ್ರು, ಟೈಮ್ ಹಾಕೋದು ಪಾಪ ಅಂದ್ರಾ? ಇಲ್ವಲ್ಲ! ಆದೇಶ ಇದ್ರೆ ಮಾತ್ರ ನಿಜ ಹೇಳಬೇಕಾ? ಸ್ವಂತ ಬುದ್ಧಿಯಿಂದ ಹಾಕೋಕೆ ಯಾರಾದ್ರೂ ಕೈ ಹಿಡ್ಕೊಂಡಿದಾರಾ?

ಒಂದ್ ನಿಮಿಷ. ಇಲ್ಲಿವರೆಗೂ ನೋಡಿದೀರಾ ಅಂದ್ರೆ ಸಬ್‌ಸ್ಕ್ರೈಬ್ ಬಟನ್ ಒತ್ತಿ. ಚಾನೆಲ್ ಮೆಂಬರ್‌ಶಿಪ್ ಇದೆ, ತಿಂಗಳಿಗೆ ಒಂದು ಮಸಾಲೆ ದೋಸೆ ದುಡ್ಡು. ಯಾವ ಹೋಟೆಲ್ ದೋಸೆ ಅನ್ನೋದು ನಿಮ್ಮ ಅಂತಸ್ತಿಗೆ ಬಿಟ್ಟಿದ್ದು.

ಹಾಂ, ನಗ್ತಾ ಇದೀರಾ? "ಜಾಹೀರಾತು ಬೈಯೋ ವಿಡಿಯೋದಲ್ಲೇ ಜಾಹೀರಾತು" ಅಂತ ಟೈಪ್ ಮಾಡೋಕೆ ಶುರು ಮಾಡಿದೀರಾ? ಮಾಡಿ, ಕಾಮೆಂಟ್ ಜಾಸ್ತಿಯಾದ್ರೆ ನನಗೇ ಒಳ್ಳೇದು. ಆದ್ರೆ ನನ್ನ ಜಾಹೀರಾತನ್ನ ನೀವು ಓಡಿಸಬಹುದು. ಪರದೆ ಮೇಲೆ ಎರಡು ಸಲ ಬೆರಳು ಕುಟ್ಟಿದ್ರೆ ನಾನು ಮುಂದಕ್ಕೆ ಹೋಗ್ತೀನಿ. ಅಲ್ಲಿ ಕುಟ್ಟೋದು ಎಲ್ಲಿಗೆ? ಮುಂದಿನ ಸೀಟಿನವರ ತಲೆಗಾ?

ಸರಿ, ವಿಷಯಕ್ಕೆ ಬರೋಣ. ಮಲ್ಟಿಪ್ಲೆಕ್ಸ್‌ನವರ ಸಮಜಾಯಿಷಿಗಳನ್ನ ಒಂದೊಂದಾಗಿ ನೋಡೋಣ, ಯಾಕಂದ್ರೆ ತಮಾಷೆಯಾಗಿವೆ. "ಸರ್ಕಾರದ ಜಾಹೀರಾತು ತೋರಿಸಲೇಬೇಕು ಅಂತ ಕಾನೂನಿದೆ." ಇದೆ. ತಂಬಾಕಿನ ದೃಶ್ಯ ಇರೋ ಸಿನಿಮಾ ಆದ್ರೆ 30 ಸೆಕೆಂಡಿನ ಆರೋಗ್ಯದ ಚಿತ್ರ, 20 ಸೆಕೆಂಡಿನ ಎಚ್ಚರಿಕೆ, ಶುರುವಿಗೊಂದು ಸಲ, ಇಂಟರ್‌ವಲ್‌ಗೊಂದು ಸಲ. ಶುರುವಿನದ್ದನ್ನ ಕೂಡಿಸಿ. 50 ಸೆಕೆಂಡ್. ಒಂದು ನಿಮಿಷಾನೂ ಆಗ್ಲಿಲ್ಲ! ಸಾರ್ವಜನಿಕ ಪ್ರಕಟಣೆಗಳೆಲ್ಲಾ ಸೇರಿದ್ರೂ 10 ನಿಮಿಷ ಮೀರೋ ಹಾಗಿಲ್ಲ ಅಂತ ಅದೇ ಆಯೋಗ ನೆನಪು ಮಾಡಿಕೊಡ್ತು. ಹಾಗಾದ್ರೆ ಸಿಮೆಂಟು ಯಾವ ಕಾನೂನು ಸ್ವಾಮಿ? ಬಂಗಾರದಂಗಡಿ ಸಂವಿಧಾನದ ಎಷ್ಟನೇ ವಿಧಿ?

ಇನ್ನೊಂದು ಸಮಜಾಯಿಷಿ. "ಲೇಟಾಗಿ ಬರೋರಿಗೆ ಅನುಕೂಲ ಆಗ್ಲಿ ಅಂತ." ಆಹಾ! ಟೈಮಿಗೆ ಬಂದವನಿಗೆ ಶಿಕ್ಷೆ, ಲೇಟಾಗಿ ಬಂದವನಿಗೆ ಸನ್ಮಾನ. ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡೋಕೆ ಹೋಗಿದೀರಾ? 2004ರಿಂದ ನಡೀತಾ ಇದೆ. ಏಳೂವರೆ ಅಂದ್ರೆ ಏಳೂವರೆ. ಬಾಗಿಲು ಹಾಕಿದ ಮೇಲೆ ನೀವು ಯಾರ ಭಾವಮೈದ ಆದ್ರೂ ಒಳಗೆ ಬಿಡಲ್ಲ. ಜನ ಏನ್ ಮಾಡ್ತಾರೆ? ಔಟರ್ ರಿಂಗ್ ರೋಡ್ ಟ್ರಾಫಿಕ್ಕನ್ನ ಬೈಕೊಂಡು, ಬೆವರು ಒರೆಸ್ಕೊಂಡು, ಏಳೂಕಾಲಿಗೆ ಬಾಗಿಲ ಹತ್ರ ನಿಂತಿರ್ತಾರೆ. ಅದೇ ಬೆಂಗಳೂರು, ಅದೇ ಜನ, ಅದೇ ಟ್ರಾಫಿಕ್ಕು! ಅಲ್ಲಿ ಏಳೂವರೆ ಅಂದ್ರೆ ನಂಬಬಹುದು ಅಂತ ಗೊತ್ತು, ಅದಕ್ಕೆ ಬರ್ತಾರೆ. ಇಲ್ಲಿ 7 ಗಂಟೆ ಸುಳ್ಳು ಅಂತ ಗೊತ್ತು, ಅದಕ್ಕೆ ಬರಲ್ಲ. ಜನ ಲೇಟಾಗಿ ಬರೋದನ್ನ ಕಲಿಸಿದ್ದೇ ನೀವು!

ಹಳೇ ಕಾಲದ ಬಗ್ಗೆ ಹೇಳಿದ್ರೆ ನನ್ನ ಎಡಿಟರ್ ಹುಡುಗ ಆಕಳಿಸ್ತಾನೆ, ಆದ್ರೂ ಹೇಳ್ತೀನಿ. ಟೆಂಟ್ ಸಿನಿಮಾ ಇದ್ದಾಗ ಮೈಕಲ್ಲಿ ದೇವರ ಹಾಡು ಬಂತು ಅಂದ್ರೆ ಊರಿಗೆಲ್ಲಾ ಗೊತ್ತು, ಟಿಕೆಟ್ ಕೊಡೋಕೆ ಶುರು ಮಾಡಿದ್ರು ಅಂತ. ಹೊಲದಲ್ಲಿದ್ದವನು ಅಲ್ಲಿಂದಲೇ ಓಡಿ ಬರ್ತಿದ್ದ. ಕೆ.ಜಿ. ರೋಡಿನ ಥಿಯೇಟರ್‌ಗಳಲ್ಲಿ ನ್ಯೂಸ್ ರೀಲ್ ಇತ್ತು, ಬಟ್ಟೆ ಅಂಗಡಿ ಸ್ಲೈಡ್ ಇತ್ತು. ಇಲ್ಲ ಅನ್ನಲ್ಲ. ಆದ್ರೆ ಎಷ್ಟೊತ್ತು ಅಂತ ಗೇಟ್ ಕಾಯೋರನ್ನ ಕೇಳಿದ್ರೆ ಹೇಳೋರು. "ಇನ್ನೂ ರೀಲ್ ಬಿಡ್ತಾ ಇದಾರೆ, ಟೀ ಕುಡ್ಕೊಂಡು ಬನ್ನಿ ಸಾರ್." ಮನುಷ್ಯತ್ವ! ಈಗಿನ ಕೌಂಟರ್‌ನಲ್ಲಿ ಕೇಳಿ ನೋಡಿ. "ಶೋ ಟೈಮ್ 7 ಸರ್." ಸಿನಿಮಾ ಎಷ್ಟೊತ್ತಿಗಮ್ಮಾ? "ಶೋ ಟೈಮ್ 7 ಸರ್." ಗಿಳಿಗಾದ್ರೂ ಎರಡು ಮಾತು ಬರುತ್ತೆ.

ಇಲ್ಲಿ ನನಗೆ ಮೈ ಉರಿಯೋದು ಯಾಕೆ ಅಂದ್ರೆ, ಅವರಿಗೆ ಗೊತ್ತು. ಸೆಕೆಂಡ್ ಲೆಕ್ಕದಲ್ಲಿ ಗೊತ್ತು! ಈಗ ರೀಲ್ ಇಲ್ಲ, ಪ್ರೊಜೆಕ್ಟರ್ ರೂಮಲ್ಲಿ ಬೀಡಿ ಸೇದ್ಕೊಂಡು ರೀಲ್ ಬದಲಾಯಿಸೋ ಆಪರೇಟರ್ ಇಲ್ಲ. ಎಲ್ಲಾ ಡಿಜಿಟಲ್. ಸರ್ವರ್ ಒಳಗೆ ಒಂದು ಪ್ಲೇಲಿಸ್ಟ್ ಇರುತ್ತೆ. ಮೊದಲು ಈ ಜಾಹೀರಾತು, ಆಮೇಲೆ ಆ ಟ್ರೇಲರ್, ಆಮೇಲೆ ಸಿನಿಮಾ. ಪ್ರತಿಯೊಂದರ ಉದ್ದವೂ ಅದರಲ್ಲೇ ಇದೆ. ದಿನಕ್ಕೆ ಎಷ್ಟು ಆಟ, ಮಧ್ಯೆ ಗುಡಿಸೋಕೆ ಎಷ್ಟು ಹೊತ್ತು ಅನ್ನೋದೆಲ್ಲಾ ಅದರ ಮೇಲೇ ನಿಂತಿದೆ. ಸಿನಿಮಾ ಎಷ್ಟೊತ್ತಿಗೆ ಶುರು ಅಂತ ಗೊತ್ತಿಲ್ಲದೆ ಮುಂದಿನ ಆಟದ ಟಿಕೆಟ್ ಹೆಂಗಪ್ಪಾ ಮಾರ್ತೀರಾ? ಒಂದು ಮದುವೆ ಕರೆಯೋಲೆ ತೆಗೆದು ನೋಡಿ, ಮುಹೂರ್ತ 10.20ರಿಂದ 11.05 ಅಂತ ನಿಮಿಷದ ಸಮೇತ ಇರುತ್ತೆ. ಊಟಕ್ಕೆ ಮಾತ್ರ ಬರೋನು ಆ ಲೆಕ್ಕ ಹಾಕ್ಕೊಂಡೇ ಬರ್ತಾನೆ. ಛತ್ರದವರಿಗೆ ಸಾಧ್ಯ ಆಗಿದ್ದು ಇವರಿಗೆ ಆಗಲ್ವಾ?

ಇನ್ನೂ ಒಂದು ಕೇಳಿ. ಇದೇ ಪಿವಿಆರ್ ಐನಾಕ್ಸ್ 2024ರಲ್ಲಿ ಏನು ಹೇಳ್ತು? ಐಷಾರಾಮಿ ಪರದೆಗಳಲ್ಲಿ ಜಾಹೀರಾತು ತೆಗೀತೀವಿ, ಉಳಿದ ಟೈಮಲ್ಲಿ ಇನ್ನೊಂದು ಆಟ ಹಾಕ್ತೀವಿ ಅಂತ. ಅಂದ್ರೆ ಜಾಹೀರಾತು ಜನಕ್ಕೆ ಕಿರಿಕಿರಿ ಅಂತ ಅವರಿಗೇ ಗೊತ್ತು. ಒರಗೋ ಸೀಟಲ್ಲಿ ಕಾಲು ಚಾಚಿ ಕೂತವರ ಟೈಮಿಗೆ ಬೆಲೆ ಇದೆ, ನಮ್ಮ ನಿಮ್ಮ ಟೈಮಿಗೆ ಸಿಮೆಂಟ್!

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಪರದೆ ತಗೊಳ್ಳಿ. 200 ಜನ, 25 ನಿಮಿಷ. 5,000 ನಿಮಿಷ ಆಯ್ತು. 83 ಗಂಟೆ! ಒಂದು ಆಟಕ್ಕೆ! ದಿನಕ್ಕೆ 5 ಆಟ ಅಂದ್ರೆ 400 ಗಂಟೆ ದಾಟ್ತು. ಅದರ ಮೇಲೆ ಮಾಲ್ ಪಾರ್ಕಿಂಗ್ ಗಂಟೆ ಲೆಕ್ಕ. ಆ 25 ನಿಮಿಷದಿಂದ ಇನ್ನೊಂದು ಗಂಟೆ ಮೇಲೆ ಬೀಳುತ್ತೆ. ಸೆಕೆಂಡ್ ಶೋ ಆದ್ರೆ ಕೊನೇ ಮೆಟ್ರೋ ಹೋಯ್ತು. ಆಟೋದವರು ಏನು ಕೇಳ್ತಾರೆ ಅಂತ ನಾನು ಹೇಳಬೇಕಾ?

ಈಗ ದರದ ವಿಷಯ ಎತ್ತೋರಿಗೆ. 2025ರ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂದ್ರು. ಸೆಪ್ಟೆಂಬರ್ 12ಕ್ಕೆ ಅಧಿಸೂಚನೆ ಬಂತು, ತೆರಿಗೆ ಬಿಟ್ಟು 200. 75 ಸೀಟು, ಅದಕ್ಕಿಂತ ಕಡಿಮೆ ಇರೋ ಪ್ರೀಮಿಯಂ ಪರದೆಗಳಿಗೆ ವಿನಾಯ್ತಿ. 23ಕ್ಕೆ ಹೈಕೋರ್ಟ್ ತಡೆ. ಹನ್ನೊಂದೇ ದಿನ! ಹನ್ನೊಂದನೇ ದಿನ ಅಂದ್ರೆ ನಮ್ಮ ಕಡೆ ಏನು ಅಂತ ಗೊತ್ತಲ್ಲ, ನಾನು ಹೇಳಲ್ಲ. ಆಮೇಲೆ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ನೀರಿನ ಬಾಟಲಿಗೆ 100, ಕಾಫಿಗೆ 700 ಅಂತೀರಲ್ಲಾ ಅಂತ ಅಲ್ಲಿ ನ್ಯಾಯಮೂರ್ತಿಗಳೇ ಕೇಳಿದ್ರು. ನನ್ನ ಪ್ರಶ್ನೆ ಸರ್ಕಾರಕ್ಕೆ. ದರ ಮುಟ್ಟಿದ್ರೆ ವ್ಯಾಪಾರದ ಹಕ್ಕು ಅಂತ ಕೋರ್ಟಿಗೆ ಹೋಗ್ತಾರೆ. ನಿಮ್ಮ ಕೈಯಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಇದೆ, 2014ರ ನಿಯಮ ಇದೆ, ಲೈಸೆನ್ಸ್ ಕೊಡೋರು ನೀವೇ. ಒಂದು ಸಾಲು ಸೇರಿಸೋಕೆ ಏನಾಗಿದೆ? "ಸಿನಿಮಾ ಶುರುವಾಗುವ ವೇಳೆಯನ್ನು ಟಿಕೆಟ್ ಮೇಲೆ ನಮೂದಿಸತಕ್ಕದ್ದು." ನೋಡಿ, ಕರಡೂ ನಾನೇ ಬರೆದುಕೊಟ್ಟೆ. ಪುಕ್ಕಟೆ!

"ಇದು ಯಾವ ದೇಶದಲ್ಲೂ ಇಲ್ಲ" ಅನ್ನೋರಿಗೆ ಹೇಳ್ತೀನಿ. ಅಮೆರಿಕದ ಎಎಂಸಿ ಅನ್ನೋ ದೊಡ್ಡ ಥಿಯೇಟರ್ ಕಂಪನಿ 2025ರಲ್ಲಿ ಟಿಕೆಟ್ ಕೊಡುವಾಗಲೇ ಹೇಳೋಕೆ ಶುರು ಮಾಡ್ತು, ಆಟದ ಟೈಮಾದ 25, 30 ನಿಮಿಷಕ್ಕೆ ಸಿನಿಮಾ ಶುರುವಾಗುತ್ತೆ ಅಂತ. ಕನೆಕ್ಟಿಕಟ್ ರಾಜ್ಯದ ಸೆನೆಟರ್ ಮಾರ್ಟಿನ್ ಲೂನಿ ಅನ್ನೋರು ಎರಡೂ ಟೈಮ್ ಪ್ರಕಟಿಸಬೇಕು ಅಂತ ಮಸೂದೆಯನ್ನೇ ತಂದ್ರು. ನಮ್ಮ ಶಾಸಕರಿಗೆ ಬಿಡುವಿಲ್ಲ ಬಿಡಿ, ಅವರು ರೆಸಾರ್ಟ್ ಚೆಕ್-ಇನ್ ಟೈಮ್ ನೋಡ್ಕೋಬೇಕು.

"ಜಾಹೀರಾತಿನ ದುಡ್ಡು ಬರದಿದ್ರೆ ಟಿಕೆಟ್ ದರ ಏರುತ್ತೆ" ಅಂತ ಒಬ್ಬ ಎಂಬಿಎ ಹುಡುಗ ಮೇಲ್ ಕಳಿಸಿದಾನೆ. ಕೋಷ್ಟಕ ಸಮೇತ! ಮಗಾ, ನಾನು ಜಾಹೀರಾತು ತೆಗೀರಿ ಅಂದ್ನಾ? ಟೈಮ್ ಹಾಕಿ ಅಂದೆ. ಟೈಮ್ ಹಾಕಿದ್ರೆ ಜಾಹೀರಾತು ಯಾರೂ ನೋಡಲ್ಲ ಅನ್ನೋದು ನಿನ್ನ ವಾದ ಅಲ್ವಾ? ಅಂದ್ರೇನು ಅರ್ಥ? ನಮ್ಮನ್ನ ಮೋಸದಿಂದ ಕೂರಿಸಿದ್ರೆ ಮಾತ್ರ ಅದು ಓಡುತ್ತೆ ಅಂತ ನೀನೇ ಒಪ್ಪಿಕೊಂಡ ಹಾಗಾಯ್ತು! ಆ ಕೋಷ್ಟಕ ನಾನು ತೆರೆದೂ ನೋಡಿಲ್ಲ. ನೋಡೋದೂ ಇಲ್ಲ.

ಇನ್ನು "ಮನೇಲಿ ಓಟಿಟಿ ನೋಡಿ" ಅನ್ನೋರು. ನಮ್ಮ ಮನೇಲಿ ಸಿನಿಮಾ ಹಾಕಿದ ತಕ್ಷಣ ಮಿಕ್ಸಿ ಶುರುವಾಗುತ್ತೆ. ನಮ್ಮಮ್ಮನಿಗೆ ಅದ್ಯಾವ ಮುಹೂರ್ತವೋ ಗೊತ್ತಿಲ್ಲ, ಕ್ಲೈಮ್ಯಾಕ್ಸ್‌ಗೆ ಸರಿಯಾಗಿ ಇಡ್ಲಿಗೆ ರುಬ್ಬಬೇಕು. ನಾನು ಥಿಯೇಟರ್‌ಗೇ ಹೋಗ್ತೀನಿ. ನನಗೆ ಥಿಯೇಟರ್ ಇಷ್ಟ! ಇಷ್ಟ ಇರೋದಕ್ಕೇ ಬೈತಾ ಇರೋದು! ಇಷ್ಟ ಇಲ್ದಿದ್ರೆ ಇಷ್ಟುದ್ದ ವಿಡಿಯೋ ಯಾಕೆ ಮಾಡ್ತಿದ್ದೆ?

ಟೈಮ್ ಹಾಕ್ರೀ! ಸೀಟ್ ನಂಬರ್ ಹಾಕ್ತೀರಾ, ಪಾಪ್‌ಕಾರ್ನ್ ಕಾಂಬೋ ಹಾಕ್ತೀರಾ, ಕ್ಯೂಆರ್ ಕೋಡ್ ಹಾಕ್ತೀರಾ, ಹೊರಗಿನ ತಿಂಡಿ ತರಬಾರದು ಅಂತ ಹಾಕ್ತೀರಾ. ನಾಲ್ಕು ಅಂಕಿ ಹಾಕೋಕೆ ಜಾಗ ಇಲ್ವಾ? ಮಧ್ಯದಲ್ಲೊಂದು ಚುಕ್ಕೆ, ಅಷ್ಟೇ ತಾನೆ? ಇಂಕ್ ಖರ್ಚು ಅಂತೀರಾ? ಈಗ ಟಿಕೆಟ್ ಮೊಬೈಲ್‌ನಲ್ಲಿ ಬರುತ್ತೆ, ಇಂಕೂ ಇಲ್ಲ! ಏನ್ ಕಷ್ಟ ನಿಮ್ಗೆ? ಏನ್ ಕಷ್ಟ ಅಂತೀನಿ!

ಎಡಿಟರ್ ಕೈ ತೋರಿಸ್ತಾ ಇದಾನೆ, ಬ್ಯಾಟರಿ ಮುಗೀತಾ ಇದೆಯಂತೆ. ಇನ್ನೂ ಎರಡು ಪುಟ ಬರ್ಕೊಂಡಿದ್ದೆ, ಹೋಗ್ಲಿ ಬಿಡಿ, ಅದರಲ್ಲೂ ಇದನ್ನೇ ಬರ್ದಿರೋದು. ಕೆಳಗೆ ಕಾಮೆಂಟ್‌ನಲ್ಲಿ ಊರ ಹೆಸರು ಹಾಕಿ, ನಿಮ್ಮ ಕಡೆ ಎಷ್ಟು ನಿಮಿಷ ಜಾಹೀರಾತು ಬರುತ್ತೆ ಅಂತ ಬರೀರಿ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಎಲ್ಲಾ ಬರಲಿ. ನಾನೊಂದು ಪಟ್ಟಿ ಮಾಡ್ತೀನಿ. ಪಟ್ಟಿ ಇಟ್ಕೊಂಡು ಏನ್ ಮಾಡ್ತೀರಾ ಅಂತ ಕೇಳ್ಬೇಡಿ, ಇನ್ನೂ ಯೋಚನೆ ಮಾಡಿಲ್ಲ. ಮುಂದಿನ ವಾರ ಇಂಟರ್‌ವಲ್‌ನಲ್ಲಿ ಕೊಡೋ ಸಮೋಸದ ಬಗ್ಗೆ ಮಾತಾಡೋಣ, ಅದೂ ಚಿಕ್ಕ ವಿಷಯ ಏನಲ್ಲ. ಲೈಕ್ ಮಾಡಿ, ಶೇರ್ ಮಾಡಿ, ಬರ್ತೀನಿ.