ಎಳೆ ತುಂಡಾದಾಗ ಬಿತ್ತಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಸುಗ್ಗಿಹಬ್ಬ ಪುತ್ತರಿ ಕಳೆಯಿತು. ಕದಿರು ಮನೆಗೆ ಬಂದಿದೆ, ಹಲವರ ಗದ್ದೆಯಲ್ಲಿ ಈಗ ಉಳಿದಿರುವುದು ಕೂಳೆ, ಅಂದರೆ ಕೊಯ್ದ ಭತ್ತದ ಬುಡ ಮಾತ್ರ. ಮನೆಮಂದಿಯೆಲ್ಲ ಕಾಫಿ ಕೊಯ್ಲಿನ ಓಡಾಟದಲ್ಲಿರುತ್ತೀರಿ, ಗದ್ದೆ ಮುಂದಿನ ಮುಂಗಾರಿನವರೆಗೆ ಬರಿದೇ ಬಿದ್ದಿರುತ್ತದೆ. ಆ ಗದ್ದೆಯಲ್ಲಿ ಒಂದು ಅಲಸಂದೆ ಬೆಳೆ, ಇಲ್ಲವೇ ಉದ್ದಿನ ಬೆಳೆ ತೆಗೆಯಬಹುದು. ಅದಕ್ಕೆ ಟ್ರ್ಯಾಕ್ಟರ್ ತರಿಸಿ ಉಳಬೇಕಾಗಿಲ್ಲ. ಇಂದು ನಾನು ಹೇಳಲು ಬಂದಿರುವುದು ಇಷ್ಟೇ: ಉಳಬೇಡಿ, ಮಣ್ಣಿನ ತೇವದ ಹದ ನೋಡಿ, ಕೂಳೆಯ ನಡುವೆಯೇ ನೇರವಾಗಿ ಬಿತ್ತಿ.

"ಉಳದೆ ಬಿತ್ತಿದರೆ ಬೇರು ಎಲ್ಲಿಗೆ ಇಳಿಯುತ್ತದೆ ಸಾರ್?" ಹೋದ ಊರಿನಲ್ಲೆಲ್ಲ ಈ ಪ್ರಶ್ನೆ ನನಗಾಗಿ ಕಾದಿರುತ್ತದೆ. ಕೇಳಿ. ನಮ್ಮ ಕಣಿವೆಯ ಗದ್ದೆಗಳಲ್ಲಿ ಇರುವುದು ಜೇಡಿಮಣ್ಣು. ಜೇಡಿಯ ಒಂದು ಕಣ 0.002 ಮಿಲಿಮೀಟರಿಗಿಂತಲೂ ಸಣ್ಣದು. ಅಷ್ಟು ನುಣುಪಾದ ಮಣ್ಣಿನಲ್ಲಿ ನಾಟಿಗೆಂದು ನೀರು ನಿಲ್ಲಿಸಿ, ಕಲಸಿ, ಕೆಸರು ಮಾಡಿದ್ದೇವೆ. ಭತ್ತಕ್ಕೆ ಅದು ಬೇಕು. ಆದರೆ ಡಿಸೆಂಬರಿನಲ್ಲಿ ಅದೇ ಮಣ್ಣಿಗೆ ನೇಗಿಲು ಹೂಡಿದರೆ ಏಳುವುದು ತೆಂಗಿನಕಾಯಿ ಗಾತ್ರದ ಹೆಂಟೆ. ನಾಲ್ಕು ದಿನ ಬಿಸಿಲು ಬಿದ್ದರೆ ಹೆಂಟೆಯಲ್ಲ, ಇಟ್ಟಿಗೆ. ಒಳಗೆ ಉಳಿದಿದ್ದ ಒಂದಿಷ್ಟು ತೇವವೂ ಗಾಳಿಯ ಪಾಲಾಗುತ್ತದೆ.

ಉಳದೆ ಬಿಟ್ಟ ಗದ್ದೆಯನ್ನು ಗುದ್ದಲಿಯಿಂದ ಅಗೆದು, ಒಂದು ಮುದ್ದೆಯನ್ನು ಕೈಯಲ್ಲಿ ಮುರಿದು ನೋಡಿ. ಭತ್ತದ ಬೇರು ಕೊಳೆತು ಉಳಿದ ಸಣ್ಣ ಕೊಳವೆಗಳು ಕಾಣುತ್ತವೆ, ಅವುಗಳ ಸುತ್ತ ತುಕ್ಕಿನ ಬಣ್ಣದ ಗೆರೆ ಇರುತ್ತದೆ. ಗಾಳಿ ಅಲ್ಲಿಯವರೆಗೆ ಹೋಗಿದೆ ಎಂಬುದಕ್ಕೆ ಅದೇ ಗುರುತು. ಅಲಸಂದೆಯ ಬೇರು ಆ ದಾರಿಯನ್ನೇ ಹಿಡಿದು ತೇವ ಇರುವಲ್ಲಿಗೆ ಇಳಿಯುತ್ತದೆ. ಇರುವ ದಾರಿಯನ್ನು ಹಣ ಕೊಟ್ಟು ಏಕೆ ಕೆಡಿಸುತ್ತೀರಿ? ಉಳಬೇಡಿ.

ಇನ್ನು ಹದದ ವಿಷಯ. ಇದನ್ನು ನನಗೆ ಕಲಿಸಿದವರು ದಕ್ಷಿಣ ಕೊಡಗಿನ ಒಬ್ಬ ಅಜ್ಜ. ಕೆಲವು ವರ್ಷಗಳ ಹಿಂದೆ ಅವರ ಗದ್ದೆಗೆ ಉಳದೆ ಬಿತ್ತುವ ಕೂರಿಗೆಯನ್ನು ತೆಗೆದುಕೊಂಡು ಹೋಗಿದ್ದೆ. ಕೊಯ್ಲಾಗಿ ವಾರವೂ ಆಗಿರಲಿಲ್ಲ. ಯಂತ್ರ ಸಿಕ್ಕಿದ್ದೇ ಒಂದು ದಿನದ ಮಟ್ಟಿಗೆ, ಹಾಗಾಗಿ ನನಗೆ ಅವಸರ. ಅಜ್ಜ ಬದುವಿನ ಮೇಲೆ ನಿಂತು "ಇನ್ನೂ ಹಸಿ ಇದೆ" ಎಂದರು. ನಾನು ಕೇಳಲಿಲ್ಲ. ಅರ್ಧ ಗದ್ದೆ ಬಿತ್ತಿಸಿದೆ. ಕೂರಿಗೆಯ ಕಬ್ಬಿಣದ ಕುಳ ಸೀಳಿಕೊಂಡು ಹೋದ ಸಾಲಿನೊಳಗೆ ಬಗ್ಗಿ ನೋಡಿದರೆ ಎರಡೂ ಬದಿಯ ಗೋಡೆ ಕುಂಬಾರನ ತಿಗರಿಯ ಮೇಲಿನ ಮಡಕೆಯಂತೆ ಹೊಳೆಯುತ್ತಿತ್ತು. ಬೀಜ ಆ ನುಣುಪಿನ ನಡುವೆ, ಮೇಲೆ ಮಣ್ಣು ಮುಚ್ಚದೆ, ಬೆತ್ತಲೆ ಕುಳಿತಿತ್ತು. ಅಲ್ಲಿಗೆ ನಿಲ್ಲಿಸಿದೆ.

ಅಜ್ಜ ಗದ್ದೆಗೆ ಇಳಿದರು. ನಾಲ್ಕು ಬೆರಳು ಆಳದಿಂದ ನೆಲ್ಲಿಕಾಯಿಯಷ್ಟು ಮಣ್ಣು ತೆಗೆದರು. ಅದನ್ನು ಅಂಗೈಗಳ ನಡುವೆ ಹೊಸೆಯತೊಡಗಿದರು, ಹೂಬತ್ತಿ ಹೊಸೆಯುವ ಹಾಗೆ. ಮಣ್ಣು ಎಳೆಯಾಗಿ ಉದ್ದವಾಯಿತು. ತೆಳುವಾಯಿತು. ತುಂಡಾಗಲಿಲ್ಲ. "ನೋಡಿ ಸಾರ್, ಎಳೆ ಬರುತ್ತಿದೆ. ಗೋಡೆಗೆ ಮೆತ್ತುವುದಾದರೆ ಇದು ಒಳ್ಳೆಯ ಮಣ್ಣು. ಬಿತ್ತುವುದಕ್ಕೆ ಎಳೆ ತುಂಡಾಗಬೇಕು" ಎಂದರು. ಅವರ ತಾಯಿ ಗೋಡೆಯ ಮಣ್ಣನ್ನು ಹೀಗೆಯೇ ನೋಡುತ್ತಿದ್ದರಂತೆ.

ಸ್ವೀಡನ್ನಿನ ಆಟರ್‌ಬರ್ಗ್ ಎಂಬ ವಿಜ್ಞಾನಿ 1911ರಲ್ಲಿ ಲೋಕಕ್ಕೆ ಕೊಟ್ಟ ಪರೀಕ್ಷೆ ಇದೇ. ಇಂದಿಗೂ ಮಣ್ಣಿನ ಪ್ರಯೋಗಾಲಯಗಳಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಎಳೆ ಹೊಸೆದು, ಅದು ಎಷ್ಟು ತೇವದಲ್ಲಿ ಬಿರಿಯುತ್ತದೆ ಎಂದು ಅಳೆಯುತ್ತಾರೆ. ಓದಿದ್ದ ನಾನು ಮರೆತಿದ್ದೆ, ಅಜ್ಜನ ಕೈಗೆ ನೆನಪಿತ್ತು. ಒಂಬತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು: "ತುಂಡಾಯಿತು, ಬನ್ನಿ." ಮತ್ತೊಮ್ಮೆ ಯಂತ್ರ ಹೊಂದಿಸಿ ಹೋದೆ. ಈ ಸಲ ಕುಳದ ಹಿಂದೆ ಮಣ್ಣು ಪುಡಿಯಾಗಿ ಸಾಲಿನೊಳಕ್ಕೆ ಉದುರಿ ಬೀಜವನ್ನು ತಾನೇ ಮುಚ್ಚಿಕೊಂಡಿತು. ವಾರ ಕಳೆದು ನೋಡಿದಾಗ ಎರಡನೆಯ ಸಲ ಬಿತ್ತಿದ ಕಡೆ ಸಾಲು ಹಿಡಿದು ಮೊಳಕೆ. ನಾನು ಅವಸರಪಟ್ಟು ಬಿತ್ತಿಸಿದ್ದ ಕಡೆ ಸಾಲು ಒಣಗಿ ಬಾಯಿ ಬಿಟ್ಟಿತ್ತು, ಒಳಗಿನ ಬೀಜ ಹಕ್ಕಿಗಳ ಪಾಲಾಗಿತ್ತು. ಒಂದೇ ಗದ್ದೆ, ಒಂದೇ ಬೀಜ, ಒಂದೇ ಯಂತ್ರ. ಎಳೆ ಮಾತ್ರ ಬೇರೆ.

ಈ ಹದ ಹೆಚ್ಚು ದಿನ ಇರುವುದಿಲ್ಲ. ಇನ್ನೂ ತಡ ಮಾಡಿದರೆ ಕುಳವೇ ಇಳಿಯುವುದಿಲ್ಲ. ಆದ್ದರಿಂದ ದಿನವೂ ಹೊಸೆದು ನೋಡಿ.

ಯಂತ್ರದ ಬಗ್ಗೆ ಎರಡೇ ಮಾತು. ಇದರ ಕುಳ ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಹಾಗೆ ಇರುತ್ತದೆ: ಮೇಲೆ ಕಿರಿದಾದ ಸೀಳು, ಬೀಜ ಬೀಳುವಲ್ಲಿ ಅಗಲ. ತೇವ ಆರದಿರುವುದು ಅದರಿಂದಲೇ. ನ್ಯೂಜಿಲೆಂಡಿನ ಈ ಕುಳವನ್ನು ನಮ್ಮ ದೇಶದ ಟ್ರ್ಯಾಕ್ಟರುಗಳಿಗೆ ಹೊಂದಿಸಿದವರು ಪಂತನಗರದ ಕೃಷಿ ವಿಶ್ವವಿದ್ಯಾಲಯದವರು. ಉತ್ತರ ಭಾರತದಲ್ಲಿ ಭತ್ತದ ಕೂಳೆಯಲ್ಲೇ ಉಳದೆ ಗೋಧಿ ಬಿತ್ತಲು ಇಂಥ ಕುಳವನ್ನು ಬಳಸುತ್ತಾರೆ. ಬಾಡಿಗೆಗೆ ಇದೆಯೇ ಎಂದು ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಸಿಗದಿದ್ದರೆ, ಚಿಕ್ಕ ಗದ್ದೆಯಾದರೆ, ಕೂಳೆಯ ಪಕ್ಕದಲ್ಲಿ ಕೋಲಿನಿಂದ ಗುಳಿ ಮಾಡಿ ಬೀಜ ಊರಿದರೂ ಆಯಿತು. ಉಳಬೇಡಿ, ಅಷ್ಟೇ.

ಇನ್ನೂ ಹೇಳುವುದಿತ್ತು, ಹೊತ್ತು ಸಾಲದು. ಬೀಜ 3ರಿಂದ 5 ಸೆಂಟಿಮೀಟರ್ ಆಳಕ್ಕೆ ಬೀಳಲಿ. ಬಿತ್ತುವ ಮೊದಲು ಬೀಜಕ್ಕೆ ರೈಜೋಬಿಯಂ ಎಂಬ ಸೂಕ್ಷ್ಮಾಣು ಗೊಬ್ಬರ ಲೇಪಿಸಿ, ನೆರಳಿನಲ್ಲಿ ಆರಿಸಿ. ಕೊಯ್ಲು ಯಂತ್ರದ ಚಕ್ರ ಹೂತು ಹೋದ ಜಾಡಿನಲ್ಲಿ ಬಿತ್ತಬೇಡಿ, ಅಲ್ಲಿ ಮಣ್ಣು ಸತ್ತಿರುತ್ತದೆ. ಹುಲ್ಲನ್ನು ಸುಡಬೇಡಿ, ತೆಳುವಾಗಿ ಹರಡಿ, ತೇವ ಉಳಿಯುತ್ತದೆ. ಕೊಯ್ಲಾದ ಕೂಡಲೇ ದನ ಬಿಡುವುದು ನಮ್ಮಲ್ಲಿ ರೂಢಿ. ಅಕ್ಕಪಕ್ಕದ ಗದ್ದೆಯವರು ಕೂಡಿ ಮಾತಾಡಿಕೊಂಡು, ಎಲ್ಲರೂ ಒಟ್ಟಿಗೆ ಬಿತ್ತಿದರೆ ಕಾಯುವ ಕಷ್ಟ ಅರ್ಧವಾಗುತ್ತದೆ. ಈ ತಿಂಗಳೊಳಗೆ ಬಿತ್ತಿದರೆ ಕಾಫಿಗೆ ಹೂಮಳೆ ಬರುವ ಹೊತ್ತಿಗೆ ಕಾಯಿ ಬಲಿತಿರುತ್ತದೆ.

ಸಮಯವಾಯಿತೆಂದು ಬಾನುಲಿ ಕೇಂದ್ರದ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ನಾಳೆ ಬೆಳಿಗ್ಗೆ ತೋಟಕ್ಕೆ ಹೊರಡುವ ಮೊದಲು ಗದ್ದೆಗೆ ಇಳಿಯಿರಿ, ನಾಲ್ಕು ಬೆರಳು ಆಳದ ಮಣ್ಣು ತೆಗೆದು ಹೊಸೆಯಿರಿ. ಎಳೆ ಬಂದರೆ ಕಾಫಿ ಕೊಯ್ಯಲು ಹೋಗಿ. ತುಂಡಾದರೆ ಆ ಒಂದು ದಿನ ಕಾಫಿ ಕಾಯಲಿ. ನಮಸ್ಕಾರ.